ಬಾಗಿಲಲ್ಲಿ ನಿಂತ ಬೀಗರು

ಕಾರ್ತಿಕ ಕಳೆಯುತ್ತ ಬಂದು, ಪುಣೆಯ ಕೋಥರೂಡದ ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಹೆಪ್ಪುಗಟ್ಟಿತೆಂದರೆ, ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುವ ಕಾಲ ಬಂತೆಂದೇ ಅರ್ಥ. ಅದರೊಳಗಿಂದ ನುಸಿಗುಳಿಗೆಯ ಘಾಟು ಹೊತ್ತು ಹೊರಬರುವ ಕುಂಕುಮಗೆಂಪಿನ ಸ್ವೆಟರೊಂದಿದೆ ನನ್ನದು. ಎಡ ಮೊಣಕೈಯಲ್ಲಿ ಒಮ್ಮೆ ಹರಿದು, ಹಳದಿ ನೂಲಿನಲ್ಲಿ ಹೆಣೆಸಿಕೊಂಡದ್ದು. "ಹೊಸಾದೊಂದು ತಗೋಬಾರದೇನ? ನೋಡಿದವ್ರು ನನಗ ಬೈತಾರ" ಎಂದು ನಮ್ಮವರು ವರ್ಷವೂ ಗೊಣಗುತ್ತಾರೆ. ಗೊಣಗಲಿ. ಇಷ್ಟು ವರ್ಷ ಅವರ ಗೊಣಗಾಟದ ಜೊತೆಗೇ ಬಾಳಿದವಳು, ಇದೊಂದಕ್ಕೆ ಹೆದರುತ್ತೇನೆಯೆ? ಆ ಸ್ವೆಟರನ್ನು ನಾನು ಯಾಕೆ ಬಿಡಲಾರೆ ಎಂಬುದನ್ನು ನಿಮಗೊಬ್ಬರಿಗಾದರೂ ಹೇಳಿಬಿಡಬೇಕು.

ಪುಣೆಯಲ್ಲಿ ನೆಲೆನಿಂತ ಹುಬ್ಬಳ್ಳಿ ಕಡೆಯ ನಮ್ಮಂಥವರಿಗೆ ಒಂದು ಚಾಳಿಯಿದೆ. ಹೊಸ್ತಿಲು ದಾಟಿದೊಡನೆ ನಾಲಿಗೆ ಮರಾಠಿಗೆ ಹೊರಳುತ್ತದೆ. ಆದರೆ ಪೇಟೆಯಲ್ಲಿ ಚೌಕಾಸಿಗೆ ನಿಂತಾಗ, ಅಂಗಡಿಯವನ ಕಿವಿಗೆ ಬೀಳಬಾರದ ಮಾತನ್ನು ಮಾತ್ರ ಗಂಡಹೆಂಡಿರು ಕನ್ನಡದಲ್ಲಿ ಆಡಿಕೊಳ್ಳುತ್ತೇವೆ. ತಾಯಿನುಡಿ ಅಲ್ಲಿ ನಮಗೆ ಸೆರಗಿನ ಮರೆ. ಚಳಿಗಾಲಕ್ಕೆ ಮಾತ್ರ ರಸ್ತೆಬದಿಯಲ್ಲಿ ತಲೆಯೆತ್ತುವ ಟಿಬೆಟಿನವರ ಸ್ವೆಟರ್ ಅಂಗಡಿಯೊಂದರಲ್ಲಿ, ಹಾಗೆಯೇ ಮರಾಠಿಯಲ್ಲಿ ದರ ಕೇಳಿ, ಸೆರಗಿನ ಮರೆಯಲ್ಲಿ ಇವರಿಗೆ ಹೇಳಿದೆ: "ಭಾಳ ಹೇಳ್ತಾಳ್ರಿ ಇಕಿ. ಸುಮ್ನ ಮುಂದ ನಡೀರಿ, ತಾನ ಕರೀತಾಳ."

ಅಂಗಡಿಯಾಕೆ ಮಡಚುತ್ತಿದ್ದ ಶಾಲಿನಿಂದ ತಲೆ ಎತ್ತಲಿಲ್ಲ. "ಕರಿಯೂದಿಲ್ರಿ ಅಕ್ಕಾರ. ಉಣ್ಣಿ ಚಲೋ ಅದ, ಕೈ ಹಚ್ಚಿ ನೋಡ್ರಿ" ಎಂದಳು.

ಅಯ್ಯೋ ಶಿವನೆ! ಸಣ್ಣ ಕಣ್ಣು, ಅಗಲ ಕೆನ್ನೆ, ಹಿಮಾಲಯದ ಮುಖ; ಬಾಯಿ ತೆರೆದರೆ ಅಚ್ಚ ಧಾರವಾಡ ಸೀಮೆಯ ಕನ್ನಡ. ಇವರು ನಡುರಸ್ತೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮುಖ ಆ ಸ್ವೆಟರಿಗಿಂತ ಕೆಂಪಾಗಿ, ಆಕೆ ಹೇಳಿದ ದರಕ್ಕೇ ಅದನ್ನು ಕೊಂಡೆ. ಅವಮಾನ ತುಸು ಆರಿದ ಮೇಲೆ, ನಮ್ಮ ಕಡೆಯವರು ಯಾರನ್ನು ಕಂಡರೂ ಮೊದಲು ಕೇಳುವುದನ್ನು ಕೇಳಿದೆ: "ಯಾವೂರವ್ವಾ ನಿಂದು?"

"ಮುಂಡಗೋಡ್ರಿ."

"ಅದಲ್ಲ, ಮೂಲ ಊರು?"

ಡೋಲ್ಮಾ (ಅದು ಅವಳ ಹೆಸರು) ಅಂಗಡಿಯ ಹಿಂಬದಿಗೆ ಗದ್ದ ತಿರುಗಿಸಿದಳು. ಅಲ್ಲಿ ಸ್ಟೂಲಿನ ಮೇಲೆ ಒಬ್ಬ ಮುದುಕ, ಹರಿದ ಕೈಗವಸೊಂದನ್ನು ಹೆಣೆಯುತ್ತ ಕುಳಿತಿದ್ದ. "ಅದನ್ನ ನಮ್ಮಪ್ಪ ನೋಡ್ಯಾನ್ರಿ. ನಾ ನೋಡಿಲ್ಲ."

ಆಮೇಲೆ ಪ್ರತಿ ಚಳಿಗಾಲವೂ ನಾನು ಅಲ್ಲಿಗೆ ಹೋಗತೊಡಗಿದೆ. ಕೊಳ್ಳಲಿಕ್ಕೇನೂ ಇರಲಿಲ್ಲ, ಲುಧಿಯಾನದ ಗಿರಣಿಯಲ್ಲಿ ನೇಯ್ದು ಟಿಬೆಟಿನ ಹೆಸರಲ್ಲಿ ಮಾರುವ ಸ್ವೆಟರ್ ಎಷ್ಟೆಂದು ಬೇಕು ಒಂದು ಮನೆಗೆ? ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಕನ್ನಡ ಮಾತಾಡಿ ಬರುತ್ತಿದ್ದೆ. ಆ ಅಜ್ಜನ ಕಥೆಯನ್ನು ಅಜ್ಜನೇ ಹೇಳಿದ. ಹರೆಯದಲ್ಲಿ ಹಿಮ ದಾಟಿ ಬಂದ ಅವನಿಗೆ ಕೊನೆಗೆ ಸರಕಾರ ನೆಲ ಕೊಟ್ಟದ್ದು ಮುಂಡಗೋಡದ ಕಾಡಿನಂಚಿನಲ್ಲಿ. ಸುತ್ತಲ ಹಳ್ಳಿಯವರು ಈ ಹೊಸಬರನ್ನು ಕಂಡಾಗಲೆಲ್ಲ "ಬೀಗರು ಬಂದಾರ, ಬೀಗರಿಗೆ ಚಾ ಕೊಡ್ರಿ" ಎನ್ನುತ್ತಿದ್ದರಂತೆ. ನಮ್ಮಲ್ಲಿ ಮನೆಗೆ ಬಂದವರೆಲ್ಲ ಬೀಗರೇ ತಾನೆ? ಅಜ್ಜ ತಿಳಿದುಕೊಂಡದ್ದು ಬೇರೆ: ಟಿಬೆಟಿನವರಿಗೆ ಕನ್ನಡದಲ್ಲಿ ಬೀಗರು ಅನ್ನುತ್ತಾರೆ ಎಂದು. ಸಂತೆಯಲ್ಲಿ ಯಾರಾದರೂ "ಯಾರಪ್ಪಾ ನೀ?" ಎಂದರೆ "ನಾ ಬೀಗರ್ರಿ" ಎಂದು ಕೈಮುಗಿಯುತ್ತಿದ್ದ, ಅವರು "ಹೌದೇನು, ಯಾವ ಮಗಳನ್ನ ಕೊಟ್ಟೀಯೋ ನಮಗ?" ಎಂದು ನಗುತ್ತಿದ್ದರು. ಆ ನಗುವಿನ ಅರ್ಥ ಅವನಿಗೆ ತಿಳಿಯಲು ವರ್ಷಗಳೇ ಹಿಡಿದವು. ತಿಳಿದ ಮೇಲೂ ಆ ಮಾತನ್ನು ಅವನು ಬಿಡಲಿಲ್ಲ. "ಬೀಗರಿಗೆ ಸ್ವಂತ ಮನಿ ಇರ್ತದ, ಹೌದಲ್ರಿ? ಮನಿ ಇಲ್ಲದವನಿಗೆ ಬೀಗ ಅನ್ನೂದಿಲ್ಲ" ಎನ್ನುತ್ತಿದ್ದ.

ಅವನು ತಪ್ಪಾಗಿ ಕಲಿತ ಮಾತನ್ನೇ ನಮ್ಮ ಸರಕಾರ ಬೇಕೆಂದು ಆರಿಸಿಕೊಂಡಿತಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ದಿಲ್ಲಿಯ ದೊಡ್ಡವರ ಬಾಯಲ್ಲಿ ಇವರು ಅತಿಥಿಗಳು. ಎಷ್ಟು ಅಂದದ ಶಬ್ದ! ಅದರೊಳಗೆ ಉಪಚಾರವಿದೆ, ಹೊಣೆ ಕಡಿಮೆ. ಟಿಬೆಟಿನ ನೆಲ ಪಕ್ಕದ ದೇಶದ್ದೇ ಎಂದು ಒಪ್ಪಿ ಸಹಿ ಹಾಕಿದ ಕೈಯೇ ಆ ನೆಲ ಬಿಟ್ಟು ಬಂದವರಿಗೆ ಎಲೆ ಹಾಕಿ ಬಡಿಸಿತು. ಬಡಿಸಿದ್ದು ಸುಳ್ಳಲ್ಲ; ಭೂಮಿ ಕೊಟ್ಟಿತು, ಶಾಲೆ ಕೊಟ್ಟಿತು, ದೇವರನ್ನು ಅವರ ರೀತಿಯಲ್ಲಿ ಪೂಜಿಸಲು ಬಿಟ್ಟಿತು; ಜಗತ್ತಿನಲ್ಲಿ ಇಷ್ಟನ್ನು ಮಾಡಿದವರು ಎಷ್ಟು ಮಂದಿ? ಆದರೆ ನೆರೆಯವನೊಡನೆ ಕೈ ಕುಲುಕುವ ದಿನ ಬಂದರೆ, ಮನೆಯಲ್ಲಿರುವ ಬೀಗರಿಗೆ ತುಸು ಒಳಕೋಣೆಯಲ್ಲಿರಿ ಎಂಬ ಸೂಚನೆ. ಒಂದು ಚಳಿಗಾಲ, ಆ ದೇಶದ ನಾಯಕರು ಬರುವವರಿದ್ದಾಗ, ಪೊಲೀಸಪ್ಪನೊಬ್ಬ ಡೋಲ್ಮಾಳ ಅಂಗಡಿಗೆ ಬಂದು, ಚಹಾ ಕುಡಿದು, ಈ ವಾರ ಎಲ್ಲೂ ಗುಂಪು ಸೇರಬೇಡಿ ಎಂದು ನಯವಾಗಿಯೇ ಹೇಳಿಹೋದ. ಇನ್ನೊಂದು ವರ್ಷ ಗಡಿಯಲ್ಲಿ ಗಲಾಟೆಯಾದಾಗ ದೇಹೂ ರೋಡಿನ ದಂಡಿನ ಸೈನಿಕರೊಬ್ಬರು ಅಲ್ಲೇ ಟೊಪ್ಪಿಗೆ ಕೊಳ್ಳುತ್ತ, ಇನ್ನು ನಿಮಗೆ ಒಳ್ಳೆಯ ಕಾಲ ಬಂತು ನೋಡಿ ಎಂದು ಅಜ್ಜನ ಬೆನ್ನು ತಟ್ಟಿದರು. ಅಜ್ಜ ಎರಡೂ ಸಲ ಅದೇ ನಗು ನಕ್ಕ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದೇಶ ನಡೆಸುವುದು ಅಡುಗೆಮನೆ ನಡೆಸಿದಷ್ಟು ಸರಳವಲ್ಲ ಎಂದು ನಮ್ಮವರು ನನ್ನ ಬಾಯಿ ಮುಚ್ಚಿಸುತ್ತಾರೆ. ಇರಬಹುದು. ಆದರೆ ಅಡುಗೆಮನೆಯವಳಿಗೆ ಒಂದು ಗೊತ್ತು: ಬಂದವರನ್ನು ಒಳಗೆ ಕರೆಯಬೇಕು, ಇಲ್ಲ ಅವರ ಮನೆಗೆ ಮುಟ್ಟಿಸಿ ಬರಬೇಕು. ಅಚ್ಚಿನ ಕನ್ನಡದಲ್ಲಿ ಬೀಗವೆಂದರೆ ನಾವು ಬಾಗಿಲಿಗೆ ಜಡಿಯುವ ಕೀಲಿಯೂ ಹೌದಲ್ಲವೆ? ಬಾಗಿಲಲ್ಲೇ ತೂಗುತ್ತದೆ; ಒಳಗಿನದೂ ಅಲ್ಲ, ಹೊರಗಿನದೂ ಅಲ್ಲ. ಒಬ್ಬ ಮನುಷ್ಯನ ಇಡೀ ಆಯುಷ್ಯ ಹಾಗೆ ತೂಗುವುದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು.

ಆ ತೂಗಾಟ ಡೋಲ್ಮಾಳ ಮಗಳು ಯಾಂಗ್ಚೆನ್‌ಳ ಕಾಲಿಗೂ ತೊಡರಿತು. ಪುಣೆಯಲ್ಲೇ ನರ್ಸಿಂಗ್ ಓದಿದ ಹುಡುಗಿ. ಸರಕಾರಿ ಆಸ್ಪತ್ರೆಯ ಕೆಲಸ ಬೇಕೆಂದರೆ ಈ ದೇಶದವಳಾಗಬೇಕು. ತಾಯಿ ಇಲ್ಲೇ ಹುಟ್ಟಿದವಳಾದ್ದರಿಂದ ಕಾನೂನಿನಲ್ಲಿ ಅದಕ್ಕೆ ದಾರಿಯಿತ್ತು. ದಾರಿ ಇಲ್ಲದ್ದು ಅಜ್ಜನ ಮನಸ್ಸಿನಲ್ಲಿ. ಒಬ್ಬೊಬ್ಬರೇ ಈ ಮನೆಯವರಾಗಿಬಿಟ್ಟರೆ, ನಾಳೆ ಆ ಮನೆ ನಮ್ಮದು ಎನ್ನಲು ಯಾರು ಉಳಿಯುತ್ತಾರೆ ಎಂಬುದು ಅವನ ಪ್ರಶ್ನೆ. ಹುಡುಗಿ ಅಜ್ಜನ ಮಾತು ಮೀರುವವಳಲ್ಲ. ಕೆಲಸದ ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು.

ನಾನು ಮೊಣಕೈ ಹರಿದ ಸ್ವೆಟರ್ ಹಿಡಿದು ಹೋದದ್ದು ಅಂಥದೊಂದು ಮಧ್ಯಾಹ್ನ. ತಾಯಿಮಗಳು ತಮ್ಮ ಭಾಷೆಯಲ್ಲಿ ಏನೋ ವಾದಿಸಿ ಮುಖ ತಿರುಗಿಸಿ ನಿಂತಿದ್ದರು. ಹುಡುಗಿಯ ಕಣ್ಣು ಊದಿಕೊಂಡಿತ್ತು. ಅಜ್ಜ ಸ್ವೆಟರ್ ಇಸಿದುಕೊಂಡು, ಕೆಂಪು ನೂಲು ಸಿಗದೆ, ಹಳದಿಯದನ್ನೇ ಸೂಜಿಗೆ ಪೋಣಿಸಿ ಕುಳಿತ. ತಲೆ ಎತ್ತದೆ ಕೇಳಿದ: "ಅಕ್ಕಾರ, ಬೀಗರು ಅಂದ್ರ ಹೋಗೋರೋ, ಉಳಿಯೋರೋ?"

ಸಮಾಧಾನಕ್ಕೆಂದು ಏನಾದರೂ ಹೇಳಬಹುದಿತ್ತು. ಆದರೆ ಆ ಮುದುಕನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಮ್ಮ ಮನೆಗಳಲ್ಲಿ ಇದ್ದದ್ದನ್ನೇ ಹೇಳಿದೆ. "ಬೀಗರು ಹೋಗೋರ್ರಿ ಅಜ್ಜಾರ. ಅವರ ಮನಿ ಅವರಿಗೆ ಇದ್ದೇ ಇರ್ತದಲ್ಲ. ಅವರು ಕೊಟ್ಟ ಹುಡಿಗಿ ಮಾತ್ರ ಉಳೀತಾಳ. ಹಂಗಂತ ಆಕಿ ತವರುಮನಿ ಎಲ್ಲಿ ಹೋಗ್ತದ್ರಿ?"

ಸೂಜಿ ನಿಂತಿತು. ಅಜ್ಜ ಮೊಮ್ಮಗಳತ್ತ ನೋಡಿದ. ಆಮೇಲೆ ಉಳಿದ ಹೆಣಿಗೆ ಮುಗಿಸಿ, ನೂಲನ್ನು ಹಲ್ಲಿನಿಂದ ಕಡಿದು, ಸ್ವೆಟರ್ ನನ್ನ ಕೈಗಿಟ್ಟ. "ಸಂತ್ಯಾಗ ಕೇಳ್ತಿದ್ರು, ಯಾವ ಮಗಳನ್ನ ಕೊಟ್ಟೀ ಅಂತ. ಕೊಟ್ಟೇನ್ರಿ ಈಗ. ಇಕಿ ನಿಮ್ಮಾಕಿ. ನಾ ಬೀಗ." ಯಾಂಗ್ಚೆನ್ ಅಜ್ಜನ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ನಾನೂ ಅತ್ತೆ, ಮಗಳನ್ನು ಧಾರೆಯೆರೆಯುವಾಗ ಅಳದ ನಮ್ಮ ಕಡೆಯ ಹೆಂಗಸು ಯಾರಿದ್ದಾಳೆ?

ಹುಡುಗಿಗೆ ಕೆಲಸ ಸಿಕ್ಕಿತು. ಮರುವರ್ಷ ಎಣ್ಣೆ ಹೆಪ್ಪುಗಟ್ಟಿದ ಕೂಡಲೇ ಚಟ್ನಿಪುಡಿ ಕಟ್ಟಿಕೊಂಡು ಹೋದೆ. ಸ್ಟೂಲಿನ ಮೇಲೆ ಟೊಪ್ಪಿಗೆಗಳ ರಾಶಿಯಿತ್ತು. ಡೋಲ್ಮಾ ನನ್ನ ಕೈ ಹಿಡಿದುಕೊಂಡಳು.

"ಬೀಗರು ಹೋದ್ರು, ಅಕ್ಕಾರ."

ಮಳೆಗಾಲದಲ್ಲಿ, ಮುಂಡಗೋಡದಲ್ಲೇ ಕಣ್ಣುಮುಚ್ಚಿದನಂತೆ. ಆ ಮೂಲ ಊರಿಗೆ ಹೋಗಲಿಲ್ಲ ಎಂದು ಬೇರೆ ಹೇಳಬೇಕೆ? ನಮ್ಮ ಕಡೆ ಬೀಗರು ಹೊರಟರೆ ಮನೆಮಂದಿ ಊರ ಹೆಬ್ಬಾಗಿಲಾದ ಅಗಸಿಯ ತನಕ ನಡೆದು ಕಳಿಸಿ ಬರುವ ಪದ್ಧತಿ. ಒಂದು ಆಯುಷ್ಯವಿಡೀ ಅತಿಥಿ ಎಂದು ಕರೆದ ಈ ದೊಡ್ಡ ಮನೆಯಿಂದ ಅವನ ಹಿಂದೆ ಅಗಸಿಗೆ ಯಾರು ಹೋಗಿದ್ದರು? ನನ್ನ ಮೈಮೇಲೆ ಅದೇ ಸ್ವೆಟರ್ ಇತ್ತು. ಮೊಣಕೈಯ ಹಳದಿ ಹೆಣಿಗೆ ಮುಟ್ಟಿ ನೋಡಿಕೊಂಡೆ, ಗಟ್ಟಿಯಾಗಿತ್ತು. ಸುತ್ತ ಮರಾಠಿಯಲ್ಲಿ ಚೌಕಾಸಿ ನಡೆದೇ ಇತ್ತು. ಸೆರಗಿನ ಮರೆಯಲ್ಲಿ ಆಡುತ್ತಿದ್ದ ನನ್ನ ಕನ್ನಡವನ್ನು ಅಂದು ಇಡೀ ಪೇಟೆಗೆ ಕೇಳುವಂತೆ, ಆ ಸ್ಟೂಲಿಗೆ ಕೈಮುಗಿದು ಆಡಿದೆ:

"ಹೋಗಿ ಬರ್ರಿ, ಬೀಗರ. ಹುಡಿಗಿ ನಮ್ಮಲ್ಲಿ ಅದಾಳ."