ಬೋರ್ಡಿನ ಬಲಗಡೆ

ಅಕ್ಕನ ಮಗಳಿಗೆ ಗೀಚಮ್ಮ ಎಂದು ಹೆಸರಿಟ್ಟವಳು ನಾನೇ. ಅಪ್ಪ ಅಮ್ಮ ಯೋಚನೆ ಮಾಡಿ ಇಟ್ಟ ಹೆಸರು ಶಾಲೆಯ ಹಾಜರಿಗೆ ಮಾತ್ರ ಉಪಯೋಗಕ್ಕೆ ಬಂತು. ಹೊಲಿಗೆ ಅಂಗಡಿಯಲ್ಲಿ ಬೆಳೆಯುವ ಮಗುವಿಗೆ ಆಟಕ್ಕೆ ಸಿಗುವುದು ಬಟ್ಟೆಗೆ ಗುರುತು ಹಾಕುವ ಚಾಕ್ ಒಂದೇ. ಸೂಜಿ ಕೊಡುವ ಹಾಗಿಲ್ಲ, ಕತ್ತರಿಯಂತೂ ದೂರದ ಮಾತು. ಹಾಗಾಗಿ ಅಂಬೆಗಾಲಿಡುವಾಗಲೇ ಗೀಚಲು ಶುರು ಮಾಡಿದಳು. ನೆಲ, ಗೋಡೆ, ನನ್ನ ಮೊಣಕಾಲು, ಯಾವುದನ್ನೂ ಬಿಡಲಿಲ್ಲ. ಒಮ್ಮೆ ಯಾರದೋ ಕೋಟಿನ ಬೆನ್ನಿನ ಬಟ್ಟೆಯ ಒಳಬದಿಗೆ ಬೆಕ್ಕು ಬರೆದಿದ್ದಳು. ನಾವು ಯಾರೂ ನೋಡಲಿಲ್ಲ. ಕೋಟು ಹೊಲಿದೂ ಆಯಿತು, ಕೊಟ್ಟೂ ಆಯಿತು. ಆ ಮನುಷ್ಯ ಬಹಳ ದಿನ ಬೆನ್ನ ಮೇಲೆ ಬೆಕ್ಕು ಹೊತ್ತುಕೊಂಡು ಓಡಾಡಿರಬೇಕು.

ನಮ್ಮ ಅಂಗಡಿ ಬೀದಿಗೆ ಬಾಯಿ ತೆರೆದುಕೊಂಡ ಒಂದೇ ಕೋಣೆ. ಹಿಂದಿನ ಪರದೆ ಸರಿಸಿದರೆ ಮನೆ. ಮಧ್ಯದಲ್ಲಿ ಭಾವನ ಕತ್ತರಿಸುವ ಮೇಜು, ಗೋಡೆಯ ಪಕ್ಕ ಅಕ್ಕನ ಮೆಷಿನ್ನು, ಬೆಳಕು ಬೀಳುವ ಬಾಗಿಲ ಹತ್ತಿರ ನನ್ನ ಸ್ಟೂಲು. ಕಾಜಾ, ಗುಂಡಿ, ಅಂಚು ಮಡಿಸುವುದು, ಕೈಹೊಲಿಗೆ ಎಲ್ಲ ನನ್ನದು. ಮಾತೂ ನನ್ನದೇ, ಏಕೆಂದರೆ ಮಿಕ್ಕಿಬ್ಬರು ಬಾಯಿ ಬಿಡುವುದೇ ಅಪರೂಪ. ಮನುಷ್ಯರನ್ನು ನಾನು ಮೊದಲು ಭುಜದ ಹೊಲಿಗೆಯಲ್ಲಿ ನೋಡುತ್ತೇನೆ, ಮುಖ ಆಮೇಲೆ. ಭುಜ ಕೂರದ ಅಂಗಿ ಹಾಕಿಕೊಂಡು ದೊಡ್ಡ ಮಾತಾಡುವವರನ್ನು ಕಂಡರೆ ನನಗೆ ನಗು ತಡೆಯುವುದಿಲ್ಲ.

ಭಾವ ಕಟಿಂಗ್ ಮಾಸ್ತರು. ಅವರ ಹೆಮ್ಮೆಯೆಲ್ಲ ಬಟ್ಟೆ ಉಳಿಸುವುದರಲ್ಲಿದೆ. ಬಟ್ಟೆ ಹಾಸಿ, ತೋಳು, ಬೆನ್ನು, ಕಾಲರು, ಜೇಬು ಎಲ್ಲವನ್ನೂ ಒಂದಕ್ಕೊಂದು ಒತ್ತಿ ಕೂರಿಸುತ್ತಾರೆ. ಕೊನೆಗೆ ಉಳಿಯುವ ಚೂರಿನಲ್ಲಿ ಮೂಗು ಒರೆಸಲೂ ಆಗಬಾರದು. ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಮಾತ್ರ ಅವರ ಕೈ ಸಡಿಲ. ಒಳಗೆ ಒಂದು ಅಂಗೈ ಅಗಲ ಬಟ್ಟೆ ಮಡಿಸಿ ಬಿಟ್ಟಿರುತ್ತಾರೆ, ಮಗು ಎತ್ತರವಾದ ಹಾಗೆ ಬಿಚ್ಚಿಕೊಳ್ಳಲಿ ಎಂದು. ಗೀಚಮ್ಮನ ಶಾಲೆಯ ಲಂಗವನ್ನು ನಾನೇ ವರ್ಷಕ್ಕೊಮ್ಮೆ ಬಿಚ್ಚಿ ಇಳಿಸುತ್ತಿದ್ದೆ. ಕೊನೆಗೆ ಅದರ ತುಂಬ ಹಳೆಯ ಮಡಿಕೆಗಳ ಗೆರೆಗಳು.

ಶಾಲೆ ಮುಗಿದ ಮೇಲೆ ಅವಳು ಗ್ರಾಫಿಕ್ ಡಿಸೈನ್ ಓದುತ್ತೇನೆ ಎಂದಳು. ಅಕ್ಕ ಮೆಷಿನ್ ನಿಲ್ಲಿಸಿ ಕೇಳಿದಳು, "ಹಾಗಂದ್ರೇನೇ?"

"ಪೋಸ್ಟರು, ಪುಸ್ತಕದ ಮುಖಪುಟ, ಸೋಪಿನ ಡಬ್ಬ, ಅಂಗಡಿ ಬೋರ್ಡು, ಇವೆಲ್ಲ ಹೇಗೆ ಕಾಣಬೇಕು ಅಂತ ಯಾರೋ ಕೂತು ಯೋಚನೆ ಮಾಡಿರ್ತಾರಲ್ಲಮ್ಮ. ಆ ಯಾರೋ ನಾನು."

ಅಕ್ಕ "ಸರಿ" ಎಂದು ಮತ್ತೆ ಮೆಷಿನ್ ತುಳಿದಳು. ನಮ್ಮ ಮನೆಯಲ್ಲಿ ದೊಡ್ಡ ತೀರ್ಮಾನಗಳೆಲ್ಲ ಹೀಗೇ ಆಗುವುದು.

ಮೊದಲ ವರ್ಷ ಗ್ರಂಥಾಲಯಕ್ಕೊಂದು ಪೋಸ್ಟರು ಮಾಡಬೇಕಿತ್ತು. ಗೀಚಮ್ಮ ಪುಸ್ತಕದ ಕಪಾಟು ಬರೆದಳು, ಓದುವ ಮಗು, ಗಡಿಯಾರ, ಕಿಟಕಿ, ಕಿಟಕಿಯಾಚೆ ಮರ, ಮರದಲ್ಲಿ ಹಕ್ಕಿ, ಕೆಳಗೊಂದು ಬೆಕ್ಕು. ಮೂಲೆಯಲ್ಲಿ ಎರಡು ಬೆರಳು ಜಾಗ ಉಳಿಯಿತೆಂದು ಹೂವು. ಅವಳ ಮೇಡಂ ಅದನ್ನು ನೋಡಿ, "ಚೆನ್ನಾಗಿದೆ. ಆದರೆ ನಾನು ಮೊದಲು ಎಲ್ಲಿ ನೋಡಲಿ?" ಎಂದು ಕೇಳಿದರಂತೆ. ಹುಡುಗಿ ಮುಖ ಊದಿಸಿಕೊಂಡು ಮನೆಗೆ ಬಂದು, ಪೋಸ್ಟರನ್ನು ಸುರುಳಿ ಸುತ್ತಿ ಕಸದ ಬುಟ್ಟಿಯಲ್ಲಿ ನಿಲ್ಲಿಸಿದಳು. ಭಾವ ಅದನ್ನು ಎತ್ತಿ ಬಿಡಿಸಿ, ಇಸ್ತ್ರಿ ಮೇಜಿನ ಮೇಲಿನ ಗೋಡೆಗೆ ಪಿನ್ ಹೊಡೆದರು. ಬಂದ ಗಿರಾಕಿಗಳಿಗೆಲ್ಲ ತೋರಿಸಿದ್ದೇ ತೋರಿಸಿದ್ದು. "ನೋಡಿ, ನನ್ನ ಮಗಳು ಮಾಡಿದ್ದು. ಒಂದು ಇಂಚೂ ದಂಡ ಮಾಡಿಲ್ಲ." ಮೇಡಂ ಬೈದದ್ದೂ ಭಾವ ಹೊಗಳಿದ್ದೂ ಒಂದನ್ನೇ. ಅದು ಭಾವನಿಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ಅವಳಿಗಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವಳ ಕೈ ಪಳಗಿತು. ಕಂಪ್ಯೂಟರಿನಲ್ಲಿ ಏನೇನೋ ಕಲಿತಳು. ಬಣ್ಣಗಳ ಬಗ್ಗೆ ನನಗೇ ಪಾಠ ಮಾಡತೊಡಗಿದಳು; ಗುಂಡಿಗೆ ಯಾವ ದಾರ ಎಂದು ಹುಟ್ಟಿದಾಗಿನಿಂದ ಆರಿಸುತ್ತಿರುವವಳು ನಾನು, ಆದರೂ ಕೇಳಿಸಿಕೊಂಡೆ. ಅಕ್ಷರಗಳ ನಡುವಿನ ಸಂದು ಅಳೆಯುತ್ತ ಊಟ ಮರೆಯುತ್ತಿದ್ದಳು. ಒಂದು ವಿಷಯ ಮಾತ್ರ ಹಾಗೇ ಉಳಿಯಿತು. ಕೆಲಸ ಮುಗಿಯಿತು ಎನ್ನುವಾಗ ಅವಳ ಕೈ ತುರಿಸುತ್ತಿತ್ತು. ಎಲ್ಲಾದರೂ ಖಾಲಿ ಕಂಡರೆ ಅಲ್ಲೊಂದು ಎಲೆ, ಒಂದು ಗೆರೆ, ಕೊನೆಗೆ ಒಂದು ಚುಕ್ಕಿಯಾದರೂ ಬೀಳಲೇಬೇಕು. ಅಪ್ಪನ ಮಗಳಲ್ಲವೇ!

ಕೊನೆಯ ವರ್ಷಕ್ಕೆ ಕಾಲೇಜಿನವರು ಒಂದು ನಿಯಮ ಇಟ್ಟರು. ಕಾಗದದ ಮೇಲಿನ ಕೆಲಸ ಸಾಲದು. ನಿಜವಾದ ಜಾಗದಲ್ಲಿ ಜನ ದಿನವೂ ನೋಡುವ ಒಂದು ಕೆಲಸ ಮಾಡಬೇಕು. ಮೇಡಂ ಮತ್ತು ಹೊರಗಿನ ಪರೀಕ್ಷಕರೊಬ್ಬರು ಅಲ್ಲಿಗೇ ಬರುತ್ತಾರೆ. ಅದರ ಮುಂದೆ ನಿಂತು, ಇಷ್ಟು ವರ್ಷದಲ್ಲಿ ನಾನು ಏನು ಕಲಿತೆ ಎಂದು ಹೇಳಬೇಕು. ಅವರಿಗೆ ಒಪ್ಪಿಗೆಯಾಗದಿದ್ದರೆ ಇಡೀ ವರ್ಷ ಮತ್ತೆ ಓದಬೇಕು. ಗೀಚಮ್ಮ ನಮ್ಮ ಅಂಗಡಿಯ ಬೋರ್ಡನ್ನು ಆರಿಸಿಕೊಂಡಳು. ಹಳೆಯದು ಬಣ್ಣ ಬಿಟ್ಟು, ಬರೆದದ್ದು ಏನೆಂದು ನಮಗೇ ಮರೆತುಹೋಗಿತ್ತು.

ಭಾವನಿಗೆ ಖುಷಿಯೋ ಖುಷಿ. "ಶರ್ಟು, ಪ್ಯಾಂಟು, ಕೋಟು, ಯೂನಿಫಾರಂ, ಪರದೆ, ದಿಂಬಿನ ಕವರು, ಜಿಪ್ ರಿಪೇರಿ. ಎಲ್ಲಾ ಬರಲಿ," ಎಂದರು.

"ಅಪ್ಪ, ಎಲ್ಲಾ ಬರೆದ್ರೆ ಯಾರೂ ಏನೂ ಓದಲ್ಲ."

"ಓದೋರು ಓದ್ತಾರೆ. ಪುರುಸೊತ್ತಿರೋರು."

"ರಸ್ತೇಲಿ ಹೋಗೋರಿಗೆ ಯಾರಿಗಪ್ಪ ಪುರುಸೊತ್ತಿರುತ್ತೆ?"

ದಿನಗಟ್ಟಲೆ ಜಗ್ಗಾಡಿದರು. ಒಬ್ಬರಿಗಿಂತ ಒಬ್ಬರು ಹಠಮಾರಿಗಳು. ಕೊನೆಗೆ ಅವಳೇ ಸೋತು ಒಂದು ರಾಜಿ ಮಾಡಿಕೊಂಡಳು: ಎಡಗಡೆ ದೊಡ್ಡದಾಗಿ 'ಹೊಲಿಗೆ' ಎಂಬ ಪದ, ಬಲಗಡೆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು, 'ಅಳತೆಗೆ ತಕ್ಕ ಉಡುಪು, ಎಲ್ಲ ಬಗೆಯ ರಿಪೇರಿ'. ಮೇಡಂ ಅದರ ನಕ್ಷೆ ನೋಡಿ, "ಆ ಸಾಲು ನಿನಗೇ ಬೇಕಿತ್ತಾ?" ಎಂದು ಕೇಳಿದರಂತೆ.

ಅಕ್ಷರಗಳನ್ನು ಬಣ್ಣದಲ್ಲಿ ಬರೆಯುವುದು ಬೇಡ, ನೀಲಿ ರೆಕ್ಸಿನ್ನಿನಲ್ಲಿ ಅಪ್ಪನ ಕತ್ತರಿಯಿಂದಲೇ ಕತ್ತರಿಸಿ ಬಿಳಿ ಹಲಗೆಗೆ ಅಂಟಿಸಬೇಕು ಎನ್ನುವುದು ಅವಳ ಆಸೆ. ಟೈಲರ್ ಅಂಗಡಿಯ ಅಕ್ಷರಕ್ಕೆ ಟೈಲರ್ ಕತ್ತರಿ. ಅದು ನನಗೂ ಹಿಡಿಸಿತು. ಪ್ರತಿ ಅಕ್ಷರವನ್ನೂ ಬೇಕಾದ ಅಳತೆಯಲ್ಲೇ ಕಾಗದದಲ್ಲಿ ಕತ್ತರಿಸಿ ಭಾವನ ಮೇಜಿನ ಮೇಲಿಟ್ಟು, ಬಂದ ಮೇಲೆ ಇಬ್ಬರೂ ಕೂತು ಮಾಡೋಣ ಎಂದು ಹೇಳಿ ಕಾಲೇಜಿಗೆ ಹೋದಳು.

ಭಾವ ಕಾಯುವ ಜನವೇ? ಮಗಳಿಗೆ ಕೆಲಸ ಕಮ್ಮಿಯಾಗಲಿ ಎಂದು ಆಗಲೇ ರೆಕ್ಸಿನ್ ಹಾಸಿದರು, ಕಾಗದದ ಅಕ್ಷರಗಳನ್ನು ಒತ್ತೊತ್ತಾಗಿ ಜೋಡಿಸಿದರು, ಸುತ್ತ ಚಾಕ್ ಎಳೆದರು, ಕಚಕಚ ಕತ್ತರಿಸಿದರು. ಹಲಗೆಯ ಮೇಲೆ ಅಳತೆ ಹಾಕಿ 'ಹೊಲಿಗೆ' ಅಂಟಿಸಿದರು. ಆ ಅಂಟು ಎಂಥದ್ದೆಂದರೆ, ಹಿಡಿದ ಮೇಲೆ ಹಲಗೆ ಸೀಳಬೇಕೇ ಹೊರತು ರೆಕ್ಸಿನ್ ಏಳುವುದಿಲ್ಲ.

ಸಂಜೆ ಗೀಚಮ್ಮ ಬಂದು ಹಲಗೆ ನೋಡಿ ಹಾಗೇ ನಿಂತುಬಿಟ್ಟಳು. ಅವಳು ಬರೆದದ್ದು ತೆಳ್ಳಗಿನ, ಸೊಂಟವಿರುವ ಅಕ್ಷರಗಳು. ಹಲಗೆಯ ಮೇಲಿದ್ದದ್ದು ಉಂಡು ಮಲಗಿದಂತಿದ್ದ ಗುಂಡು ಅಕ್ಷರಗಳು.

"ಅಪ್ಪ, ಇದು ನಾನು ಕೊಟ್ಟ ಅಳತೆ ಅಲ್ಲ."

"ನಿನ್ನ ಅಳತೇನೇ ಕಣೇ. ಸುತ್ತ ಅರ್ಧ ಇಂಚು ಹೊಲಿಗೆಗೆ ಅಂತ ಬಿಟ್ಟಿದ್ದೀನಿ, ಅಷ್ಟೇ."

"ಭಾವ," ಎಂದೆ ನಾನು, "ಅಂಟಿಸೋ ಅಕ್ಷರಕ್ಕೆ ಹೊಲಿಗೆ ಎಲ್ಲಿಂದ ಬಂತು?"

ಭಾವನ ಮುಖ ನೋಡಬೇಕಿತ್ತು. ಹೊಲಿಯುವಾಗ ಒಳಗೆ ಹೋಗುವ ಬಟ್ಟೆಗೆಂದು ಜೀವಮಾನವಿಡೀ ಪ್ರತಿ ತುಂಡಿಗೂ ಅರ್ಧ ಇಂಚು ಬಿಟ್ಟ ಕೈ. ತಲೆಯನ್ನು ಕೇಳದೆ ತಾನೇ ಬಿಟ್ಟುಕೊಂಡು ಹೋಗಿತ್ತು. ಬಲಗಡೆಯ ಸಣ್ಣ ಅಕ್ಷರಗಳ ಗತಿ ಇನ್ನೂ ಕೆಟ್ಟದಾಗಿತ್ತು. ಅವಕ್ಕೂ ಅರ್ಧ ಇಂಚು ಬಿಟ್ಟು, ಒಳಗಿನ ತೂತುಗಳೆಲ್ಲ ಮುಚ್ಚಿಹೋಗಿ, ಯಾವುದು 'ಅ' ಯಾವುದು 'ಳ' ಎಂದು ಹೆತ್ತವಳಿಗೂ ತಿಳಿಯುವಂತಿರಲಿಲ್ಲ. ಅವನ್ನು ಇನ್ನೂ ಅಂಟಿಸಿರಲಿಲ್ಲ, ಪುಣ್ಯ. ಪರೀಕ್ಷಕರು ಬರಲು ಎರಡೇ ದಿನವಿತ್ತು.

ಹಿಂದಿನ ಗೀಚಮ್ಮನಾಗಿದ್ದರೆ ಅತ್ತು ರಂಪ ಮಾಡುತ್ತಿದ್ದಳು. ಈಗ ಹಲಗೆಯನ್ನು ಗೋಡೆಗೆ ಒರಗಿಸಿ, ರಸ್ತೆ ದಾಟಿ, ಎದುರಿನ ಕೀಲಿಕೈ ಮಾಡುವವನ ಅಂಗಡಿಯ ಮುಂದೆ ನಿಂತು ನೋಡಿದಳು. ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದಳು. ವಾಪಸು ಬರುವಷ್ಟರಲ್ಲಿ ಭಾವ ಸಣ್ಣ ಅಕ್ಷರಗಳನ್ನು ಮುಂದೆ ಹರಡಿಕೊಂಡು ಕತ್ತರಿ ಹಿಡಿದಿದ್ದರು. "ಸಣ್ಣವನ್ನ ಈಗಲೇ ಟ್ರಿಮ್ ಮಾಡಿ ಸರಿ ಮಾಡ್ಕೊಡ್ತೀನಿ. ನೀನು ಹೇಳಿದ ಗೆರೆಗೇ. ಆಗುತ್ತೆ."

ಅವಳು ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಮೆತ್ತಗೆ ಹೇಳಿದಳು. "ಬೇಡಪ್ಪ. ಆ ಸಾಲು ಬೇಡ. ಹೀಗೇ ಇರಲಿ."

"ಹೀಗೇ ಅಂದ್ರೆ? ಇಷ್ಟಗಲ ಹಲಗೆಗೆ ಒಂದೇ ಪದ? ಬಲಗಡೆ ಪೂರ್ತಿ ಖಾಲಿ! ರೆಕ್ಸಿನ್ ಮುಗಿದುಹೋಯ್ತು ಅಂದ್ಕೊಳ್ತಾರೆ ಕಣೇ ಜನ."

"ಅಂದ್ಕೊಳ್ಳಲಿ."

ಭಾವ ಮುಂದೆ ಮಾತಾಡಲಿಲ್ಲ. ಮಾತಾಡದಿರುವುದೇ ಅವರ ಸಿಟ್ಟು. ಉಳಿದ ಅಕ್ಷರಗಳನ್ನು ಒಂದು ಚೀಲದಲ್ಲಿ ತುಂಬಿ, "ಯಾವತ್ತಾದ್ರೂ ಬೇಕಾಗುತ್ತೆ" ಎಂದು ಮೇಜಿನ ಕೆಳಗೆ ತಳ್ಳಿದರು. ತಾನು ಇಲ್ಲದಾಗ ಅಪ್ಪ ಅವನ್ನು ಅಂಟಿಸಿಬಿಟ್ಟರೆ ಎಂಬ ಹೆದರಿಕೆಯಿಂದ ಗೀಚಮ್ಮ ಎರಡು ದಿನವೂ ಆ ಚೀಲದ ಮೇಲೆ ಕಣ್ಣಿಟ್ಟಿದ್ದಳು.

ಬೋರ್ಡು ಬಾಗಿಲ ಮೇಲೇರಿತು, ಮೇಡಂ ಜೊತೆ ಪರೀಕ್ಷಕರು ಬಂದರು. ಕೋಟಿನ ಭುಜ ಪರವಾಗಿಲ್ಲ, ಆದರೆ ಎಡತೋಳಿನ ಗುಂಡಿ ಒಂದೇ ದಾರದಲ್ಲಿ ಜೀವ ಹಿಡಿದುಕೊಂಡಿತ್ತು. ನನ್ನ ಅರ್ಧ ಗಮನ ಅಲ್ಲೇ. ಗೀಚಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು, ಅರ್ಧ ಇಂಚಿನ ಕಥೆಯನ್ನೂ ಮುಚ್ಚಿಡಲಿಲ್ಲ. ಭಾವ ಮೇಜಿಗೆ ಇನ್ನಷ್ಟು ಬಗ್ಗಿದರು. ಪರೀಕ್ಷಕರು ಎಲ್ಲ ಕೇಳಿ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅಕ್ಷರ ಕತ್ತರಿಸಿದ್ದು ನಿಮ್ಮ ತಂದೆ. ಅಂಟಿಸಿದ್ದೂ ಅವರೇ. ಈ ಆಕಾರ ಬಂದಿದ್ದು ಅವರ ತಪ್ಪಿನಿಂದ. ಹಾಗಾದ್ರೆ ಇದರಲ್ಲಿ ನಿಮ್ಮ ಕೆಲಸ ಯಾವುದಮ್ಮ?"

ಒಂದು ವರ್ಷ ಹೋಯಿತು ಎಂದುಕೊಂಡೆ. ಗೀಚಮ್ಮ ಒಳಗೆ ಬಂದು, ಇಸ್ತ್ರಿ ಮೇಜಿನ ಮೇಲಿನ ಗ್ರಂಥಾಲಯದ ಪೋಸ್ಟರನ್ನು ಪಿನ್ ಕಿತ್ತು ತೆಗೆದುಕೊಂಡು ಹೋಗಿ, ಬೋರ್ಡಿನ ಕೆಳಗೆ ಎತ್ತಿ ಹಿಡಿದಳು.

"ಇದು ನಾನು ಮೊದಲ ವರ್ಷ ಮಾಡಿದ್ದು. ಆಗ ನನಗೆ ಏನೇನು ಬರುತ್ತಿತ್ತೋ ಎಲ್ಲಾ ಇದರಲ್ಲಿದೆ. ಒಂದನ್ನ ಬಿಟ್ರೂ ಇವಳಿಗೆ ಬರಲ್ಲ ಅಂದ್ಕೊಳ್ತಾರೆ ಅನ್ನೋ ಭಯ ಇತ್ತು ಸರ್. ಈಗ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತೆ. ಭಯ ಮಾತ್ರ ಪೂರ್ತಿ ಹೋಗಿಲ್ಲ. ಮೊನ್ನೆ ಅಪ್ಪ, ಸಣ್ಣ ಸಾಲು ಸರಿ ಮಾಡ್ಕೊಡ್ತೀನಿ ಅಂದ್ರು. ಹೂಂ ಅನ್ನೋಕೆ ಬಾಯಿ ತೆಗೆದಿದ್ದೆ. ಆದ್ರೆ ಈ ಗುಂಡು ಅಕ್ಷರದ ಪಕ್ಕ ಆ ಸಾಲು ನಿಲ್ಲಲ್ಲ ಅಂತ ಕಣ್ಣಿಗೆ ಕಾಣ್ತಿತ್ತು. ಬೇಡ ಅಂದೆ. ಆ ಬೇಡ ಅಂದಿದ್ದು ನನ್ನ ಕೆಲಸ."

ಪರೀಕ್ಷಕರು ಪೋಸ್ಟರು ನೋಡಿದರು, ಬೋರ್ಡು ನೋಡಿದರು. ರಸ್ತೆ ದಾಟಿ ಆಚೆ ನಿಂತೂ ನೋಡಿ ಬಂದರು. "ಆ ಕಡೆಯಿಂದ ಇಡೀ ಬೀದೀಲಿ ಮೊದಲು ಕಣ್ಣಿಗೆ ಬೀಳೋದು ಇದೇ," ಎಂದು ಮೇಡಂಗೆ ಹೇಳಿದರು. ಮೇಡಂ ನಕ್ಕರು. ಪಾಸು ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಗುವಿನಲ್ಲೇ ಗೊತ್ತಾಯಿತು. ಅಕ್ಕ ಟೀ ತಂದಳು. ನಾನು ಪರೀಕ್ಷಕರ ತೋಳು ಹಿಡಿದು ಗುಂಡಿ ಭದ್ರ ಮಾಡಿಯೇ ಕಳಿಸಿದೆ.

ಅವರು ಹೋದ ಮೇಲೆ ಗೀಚಮ್ಮ ನನ್ನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಳು. ಮುಖದಲ್ಲಿ ಗೆಲುವಿತ್ತು, ಆದರೆ ಒಂದು ಮೂಲೆ ಮಂಕಾಗಿತ್ತು. "ಚಿಕ್ಕಮ್ಮ, ಅಪ್ಪ ಏನೂ ಅನ್ನಲಿಲ್ಲ ಅಲ್ವಾ? ಅವರಿಗಿನ್ನೂ ಅರ್ಧ ಮಾಡಿಟ್ಟ ಕೆಲಸದ ಹಾಗೇ ಕಾಣ್ತಿದೆ."

"ನಿಮ್ಮಪ್ಪ ಮದುವೆ ಮನೇಲೂ ಏನೂ ಅಂದಿರಲಿಲ್ಲ ಕಣೇ. ನಿಮ್ಮಮ್ಮ ಇನ್ನೂ ಕಾಯ್ತಿದ್ದಾಳೆ," ಎಂದೆ. ನಗಿಸಿದೆನೇ ಹೊರತು ನನಗೂ ಭಾವನ ಮೇಲೆ ಒಳಗೊಳಗೇ ಕೋಪವಿತ್ತು. ಮಗಳು ಅಷ್ಟು ಚೆನ್ನಾಗಿ ಮಾತಾಡಿದ ದಿನ ಒಂದು ಮಾತು ಆಡಿದರೆ ಗಂಟೇನು ಹೋಗುತ್ತದೆ?

ಕೆಲವು ದಿನ ಕಳೆದ ಮೇಲೆ ಎದುರಿನ ಕೀಲಿಕೈಯವನು ಪ್ಯಾಂಟು ಗಿಡ್ಡ ಮಾಡಿಸಲು ಬಂದ. ಗೀಚಮ್ಮ ಪರದೆಯ ಒಳಗೆ ಏನೋ ಬರೆಯುತ್ತಿದ್ದಳು. ಅವನು ಅಳತೆ ಕೊಡುತ್ತ, "ಮಾಸ್ತರೇ, ನಿಮ್ಮ ಬೋರ್ಡಿನ ಬಲಗಡೆ ಅಷ್ಟೊಂದು ಖಾಲಿ ಇದೆಯಲ್ಲ. ಸುಮ್ನೆ ದಂಡ ಆಗ್ತಿದೆ. ನನ್ನದೊಂದು ಕೀಲಿಕೈ ಚಿತ್ರ ಹಾಕಿಕೊಳ್ಳಲಾ?" ಎಂದು ಕೇಳಿದ. ನನ್ನ ಸೂಜಿ ನಿಂತಿತು. ಒಳಗೆ ಪೆನ್ಸಿಲಿನ ಸದ್ದೂ ನಿಂತಿತು.

ಭಾವ ಅವನ ಕಾಲಿನ ಹತ್ತಿರ ಕೂತು ಚಾಕ್ ಎಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಅದು ಖಾಲಿ ಅಲ್ಲ," ಎಂದರು. "ಬೆಳೆಯೋ ಮಗು ಇರೋ ಮನೆ. ಬಿಟ್ಟಿದ್ದೀವಿ."