ಅಡುಗೆಮನೆಗೆ ಕೇಳಿಸುವ ಬ್ಯಾಂಡು

ಸೌಂಡ್ ನೋಡಿಕೊಳ್ಳುವ ಡೂಗಲ್‌ಗೆ ಡ್ರಮ್ಮೆಂದರೆ ಪ್ರಾಣ. ಶನಿವಾರ ಸಂಜೆ ಮರಂಬಾ ಪಾಯಿಂಟ್ ಎಂಬ ಕಡಲೂರಿನಲ್ಲಿ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವವರ ಬೌಲಿಂಗ್ ಕ್ಲಬ್ಬಿನಲ್ಲಿ ಬ್ಯಾಂಡಿನ ಸೌಂಡ್ ಚೆಕ್ ಶುರುವಾಯಿತೆಂದರೆ ಮುಗಿಯಿತು. ಡ್ರಮ್ಮಿನವನಿಂದ ಒಂದೊಂದೇ ಡ್ರಮ್ಮನ್ನು ಬಡಿಸಿ, ಗುಂಡಿ ತಿರುಗಿಸಿ, ಮತ್ತೆ ಬಡಿಸಿ, ಊಟಕ್ಕೆ ಕೂತ ಮುದುಕರ ತಟ್ಟೆಯಲ್ಲಿ ಬಟಾಣಿ ಕುಣಿಯುವವರೆಗೂ ಅವನಿಗೆ ಸಮಾಧಾನವಿಲ್ಲ. ಹಾಡುವ ರಸ್ ಪೆಟ್ಟಿಫರ್‌ನ ಮೈಕಿಗಂತೂ ರಾಜೋಪಚಾರ. ಇವೆರಡರ ನಡುವೆ, ಬಿಯರಿನ ಗ್ಲಾಸು ಬಾಯಿಗೆ ಹೋಗುವ ಹೊತ್ತಿನಲ್ಲಿ ಡೂಗಲ್ "ಬೇಸ್" ಅನ್ನುತ್ತಾನೆ. ಗ್ಲಾಸು ಕೆಳಗಿಳಿಯುವಷ್ಟರಲ್ಲಿ "ಸಾಕು ಕ್ಲೆಮ್" ಅನ್ನುತ್ತಾನೆ. ಬೇಸ್ ಗಿಟಾರಿನವನ ಪಾಲಿಗೆ ಸೌಂಡ್ ಚೆಕ್ ಅಂದರೆ ಒಂದು ಗುಟುಕು ಬಿಯರು, ಅಷ್ಟೇ.

ಆ ಒಂದು ಗುಟುಕಿನಲ್ಲಿ ಏನು ನುಡಿಸಬೇಕು? ರಾತ್ರಿಯ ಹಾಡನ್ನಂತೂ ನುಡಿಸುವ ಹಾಗಿಲ್ಲ. ಬೇಗ ಬಂದು ಉಂಡು, ಬ್ಯಾಂಡು ಶುರುವಾಗುವ ಮೊದಲೇ ಮನೆ ಸೇರುವ ಮುದುಕರಿಗೆ ಬಿಟ್ಟಿ ಕಚೇರಿ ಕೊಟ್ಟಂತಾಗುತ್ತದೆ ಎಂದು ಕೆಲವರು, ಅಪಶಕುನ ಎಂದು ಕೆಲವರು. ಹಾಗಾಗಿ ಬೇಸಿನವರೆಲ್ಲ ಎಲ್ಲರಿಗೂ ಗೊತ್ತಿರುವ ಅದೇ ಮೂರುನಾಲ್ಕು ಹಳೇ ತುಣುಕುಗಳಲ್ಲಿ ಒಂದನ್ನು ಬಾರಿಸಿ ಕೈತೊಳೆದುಕೊಳ್ಳುತ್ತಾರೆ. ಆ ಕರಾವಳಿಯಲ್ಲಿ ಯಾವ ಪಬ್ಬಿಗೆ ಹೋಗಿ, ಅದೇ ಗುಡುಂ ಗುಡುಂ. ಕೇಳಿ ಕೇಳಿ ನಮಗಂತೂ ವಾಕರಿಕೆ ಬಂದಿದೆ.

ಕ್ಲೆಮ್ ಡ್ರಿಸ್ಕಲ್ ಮಾತ್ರ ಆ ಜಾತಿಯವನಲ್ಲ. ಅವನದೇ ಒಂದು ಮಟ್ಟಿತ್ತು. ದಪ್ಪ ತಂತಿಯಿಂದ ನಿಧಾನಕ್ಕೆ ಮೆಟ್ಟಿಲು ಹತ್ತಿ, ಮೇಲೆ ನಿಂತು ಅತ್ತಿತ್ತ ನೋಡಿ, ಇನ್ನೇನು ತಿರುಗಿ ಮನೆಯ ಕಡೆ ಇಳಿಯಬೇಕು, ಅಷ್ಟರಲ್ಲಿ "ಸಾಕು ಕ್ಲೆಮ್". ಇಷ್ಟು ವರ್ಷದಲ್ಲಿ ಆ ತಿರುವನ್ನು ಅವನು ಕ್ಲಬ್ಬಿನಲ್ಲಿ ಒಮ್ಮೆಯೂ ದಾಟಿರಲಿಲ್ಲ. ತಿರುವಿನಾಚೆ ಏನಿದೆಯೆಂದು ಗೊತ್ತಿದ್ದದ್ದು ಅವನಿಗೆ, ಮತ್ತೆ ಅವನ ಶೆಡ್ಡಿನಲ್ಲಿ ಮಲಗುವ ಬಿಸ್ಕಿಟ್ ಎಂಬ ಮುದಿ ನಾಯಿಗೆ.

ಕ್ಲೆಮ್‌ನ ಹೊಟ್ಟೆಪಾಡು ಫ್ರಿಜ್ ರಿಪೇರಿ. ಮೀನಂಗಡಿ, ಕಸಾಯಿಖಾನೆ, ಪಬ್ಬು, ಕ್ಲಬ್ಬು, ಎಲ್ಲೆಲ್ಲಿ ತಣ್ಣಗಿರಬೇಕಾದದ್ದು ಬೆಚ್ಚಗಾಗುತ್ತದೋ ಅಲ್ಲಿಗೆ ಅವನ ಬಿಳಿ ವ್ಯಾನು ಬರುತ್ತದೆ. ಬರುತ್ತಾನೆ, ಬಿಚ್ಚುತ್ತಾನೆ, ಸರಿಮಾಡುತ್ತಾನೆ, ಹೋಗುತ್ತಾನೆ. ಬಾಯಿಂದ ಮುತ್ತು ಉದುರಿದರೆ ಪುಣ್ಯ. ಆ ಊರಿನವರ ತಮಾಷೆಯೇ ಹಾಗೆ, ದಢೂತಿಯನ್ನು ಕಡ್ಡಿ ಎಂದು ಕರೆಯುತ್ತಾರೆ, ಕ್ಲೆಮ್‌ಗೆ 'ಬಾಯಿಬಡುಕ' ಎಂದು ಹೆಸರಿಟ್ಟಿದ್ದರು. ಅವನು ಧಾರಾಳವಾಗಿ ಆಡುತ್ತಿದ್ದ ಮಾತು ಒಂದೇ, "ಸರಿ". ಶಾಲೆಯಲ್ಲಿ ಹುಡುಗರೆಲ್ಲ ಸೇರಿ ಬ್ಯಾಂಡು ಕಟ್ಟಿದಾಗ ಒಳ್ಳೊಳ್ಳೆಯದನ್ನೆಲ್ಲ ಬೇರೆಯವರು ಬಾಚಿಕೊಂಡು, ಉಳಿದ ನಾಲ್ಕು ತಂತಿಯ ಗಿಟಾರನ್ನು ಇವನ ಕೈಗೆ ಕೊಟ್ಟಿದ್ದರು. ಸರಿ ಅಂದಿದ್ದ. ಹೆಂಡತಿ ಜೀನೆಟ್, ನಾನು ಉತ್ತರಕ್ಕೆ ಹೋಗಿ ಅಕ್ಕನ ಜೊತೆ ಇರ್ತೀನಿ ಅಂದಾಗಲೂ ಸರಿ ಅಂದಿದ್ದ. ಆಮೇಲೆ ಶೆಡ್ಡಿಗೆ ಹೋಗಿ ಆ ಮಟ್ಟನ್ನು ಕಟ್ಟಿದ್ದ.

ಒಂದು ಮಂಗಳವಾರ ಕ್ಲೆಮ್ ಕ್ಲಬ್ಬಿನ ಐಸ್ ಯಂತ್ರ ಬಿಚ್ಚಿಕೊಂಡು ಕೂತಿದ್ದಾಗ ರಸ್ ಬಂದ. ರಸ್ ಆ ಬ್ಯಾಂಡಿನ ಯಜಮಾನ. ವೇದಿಕೆಯ ಮೇಲೆ ಇಲ್ಲದಿದ್ದಾಗಲೂ ಮೈಕು ಹಿಡಿದವನ ಹಾಗೆಯೇ ನಿಲ್ಲುತ್ತಾನೆ.

"ಬಾಯಿಬಡುಕ, ಒಂದ್ ವಿಷಯ. ಬೇಜಾರ್ ಮಾಡ್ಕೋಬೇಡ," ಅಂದ. "ಹೊಸ ಮ್ಯಾನೇಜರು ನಾಲ್ಕು ಜನ ಬೇಡ, ಮೂರೇ ಸಾಕು ಅಂತಿದಾನೆ. ಹೆಂಗೂ ಕೀಬೋರ್ಡ್ ನುಡಿಸೋ ನಮ್ಮ ಟ್ರೆಂಟೇ ಎಡಗೈಲಿ ಬೇಸೂ ನುಡಿಸ್ತಾನಂತೆ. ಈ ಶನಿವಾರ ಹಂಗೇ ನೋಡೋಣ."

"ಸರಿ," ಅಂದ ಕ್ಲೆಮ್.

"ನಿನ್ನ ಮೇಲೆ ಏನಿಲ್ಲ ಕಣೋ. ನಿಜ ಹೇಳ್ಬೇಕು ಅಂದ್ರೆ ಯಾರಿಗೂ ಗೊತ್ತಾಗೋದೂ ಇಲ್ಲ."

ಬ್ಯಾಂಡಿನಿಂದ ತೆಗೆದರಲ್ಲ ಎಂದು ಕ್ಲೆಮ್‌ಗೆ ಅಷ್ಟೇನೂ ನೋವಾಗಲಿಲ್ಲ. ಆದರೆ ಕೊನೆಯ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತು. ಯಾಕೆಂದರೆ ಅದು ನಿಜವಿರಬಹುದು ಎಂಬ ಅಂಜಿಕೆ ಅವನಿಗೆ ಮೊದಲಿನಿಂದಲೂ ಇತ್ತು. ಇಷ್ಟು ಶನಿವಾರ ನಿಂತು ನುಡಿಸಿದ್ದನ್ನು ಒಂದು ಕಿವಿಯಾದರೂ ಕೇಳಿತ್ತೋ ಇಲ್ಲವೋ? ಶನಿವಾರ ಕಳೆಯಲಿ, ಒಬ್ಬರೂ ಕ್ಲೆಮ್ ಎಲ್ಲಿ ಎಂದು ಕೇಳದಿದ್ದರೆ ಈ ಗಿಟಾರನ್ನು ಮಾರಿಬಿಡುತ್ತೇನೆ ಎಂದು ನಿರ್ಧರಿಸಿದ. ಸೋಮವಾರ ಹಳೇ ಸಾಮಾನಿನ ಅಂಗಡಿಗೆ ಕೊಂಡೊಯ್ಯಲು ಅದನ್ನು ವ್ಯಾನಿನಲ್ಲಿ ಮಲಗಿಸಿಯೂ ಆಯಿತು.

ಶನಿವಾರ ಸಂಜೆ ಅವನು ಮನೆಯಲ್ಲಿ ಬ್ರೆಡ್ಡಿನ ಮೇಲೆ ಬೇಯಿಸಿದ ಬೀನ್ಸ್ ಸುರಿದುಕೊಂಡು ತಿನ್ನುತ್ತಿದ್ದ. ಫೋನು ಹೊಡೆದುಕೊಂಡಿತು. ಯಾರೋ ಕೇಳಿಯೇಬಿಟ್ಟರು ಎಂದು ತಟ್ಟೆ ಬಿಟ್ಟು ಎದ್ದ. ಫೋನು ಮಾಡಿದ್ದು ಕ್ಲಬ್ಬಿನ ಅಡುಗೆಯ ಲೂಪೆ.

"ಕ್ಲೆಮ್, ಕೋಲ್ಡ್ ರೂಮು ಕೆಟ್ಟಿದೆ ಕಣೋ! ಗೊಂಯ್ಯ್ ಅಂತ ಒಂದೇ ಸಮ ನರಳ್ತಾ ಇದೆ. ಒಳಗೆ ಪೆಟ್ಟಿಗೆಗಟ್ಲೆ ಸೀಗಡಿ, ನಾಳೆ ಮದುವೆ ಊಟ. ಹಾಳಾದ್ರೆ ಮ್ಯಾನೇಜರು ನನ್ನನ್ನೇ ಹುರಿದು ಬಡಿಸ್ತಾನೆ. ಓಡಿ ಬಾ."

"ಹೋದ ತಿಂಗಳು ತಾನೇ ಮೋಟಾರು ಬದಲಾಯಿಸಿದ್ದೆ."

"ಹಂಗಾದ್ರೆ ತಪ್ಪು ನಿನ್ನದೇ. ಬಾ!"

ಕೆಡುವುದಕ್ಕೆ ಇವತ್ತೇ ಬೇಕಿತ್ತಾ ಎಂದು ಕ್ಲೆಮ್ ಗೊಣಗಿದ. ಆ ಸಂಜೆ ಆ ಕ್ಲಬ್ಬಿನ ಮುಖ ನೋಡುವ ಮನಸ್ಸು ಅವನಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಸೀಗಡಿಗೆ ಇವನ ಮನಸ್ಸು ಕಟ್ಟಿಕೊಂಡು ಏನಾಗಬೇಕು? ಬೂಟು ಮೆಟ್ಟಿಕೊಂಡು ಹೊರಟ. ಮುಂಬಾಗಿಲ ತಂಟೆಯೇ ಬೇಡವೆಂದು ಹಿಂದಿನಿಂದ ನೇರ ಅಡುಗೆಮನೆಗೆ ನುಗ್ಗಿದ.

ಲೂಪೆ ಟೊಂಗಾ ದ್ವೀಪದವಳು, ಗಟ್ಟಿ ಮೈಯವಳು, ಅದಕ್ಕಿಂತ ಗಟ್ಟಿ ದನಿಯವಳು. ಮಧ್ಯಾಹ್ನ ಹಿಂಬಾಗಿಲಿನಿಂದ ಒಳಗೆ ಬಂದರೆ ಕೊನೆಯ ಪಾತ್ರೆ ತೊಳೆದು ಅದೇ ಹಿಂಬಾಗಿಲಿನಿಂದ ಮನೆಗೆ ಹೋಗುತ್ತಾಳೆ. ಬೆಳಗಾದರೆ ಚರ್ಚಿನಲ್ಲಿ ಹಾಡಬೇಕು. ಬ್ಯಾಂಡು ನೋಡುತ್ತ ಕೂರಲು ಅವಳಿಗೆಲ್ಲಿಯ ಪುರುಸೊತ್ತು?

"ಕೇಳು, ಕೇಳು," ಎಂದು ಅವಳು ಕೈಯಲ್ಲಿದ್ದ ಸೌಟಿನಿಂದ ಗೋಡೆ ತೋರಿಸಿದಳು.

ಗೋಡೆ ನಿಜಕ್ಕೂ ಗೊಂಯ್ಯೆನ್ನುತ್ತಿತ್ತು. ಕ್ಲೆಮ್ ಕೋಲ್ಡ್ ರೂಮಿನ ಬಾಗಿಲು ತೆಗೆದು, ಮೋಟಾರಿನ ಮೇಲೆ ಕೈಯಿಟ್ಟ. ಮೋಟಾರು ಬೆಕ್ಕಿನ ಮರಿಯ ಹಾಗೆ ಹಾಯಾಗಿತ್ತು. ಹೊರಗೆ ಬಂದು ಎದುರಿನ ಗೋಡೆಗೆ ಕಿವಿ ಹಚ್ಚಿದ. ಅದು ವೇದಿಕೆಯ ಹಿಂದಿನ ಗೋಡೆ, ಆಚೆ ಸೌಂಡ್ ಚೆಕ್ ನಡೆಯುತ್ತಿತ್ತು. ಗೊಂಯ್ ಬರುತ್ತಿದ್ದದ್ದು ಅಲ್ಲಿಂದ. ಟ್ರೆಂಟ್ ಬಲಗೈಯಲ್ಲಿ ಏನೇನು ಕಸರತ್ತು ಮಾಡುತ್ತಿದ್ದನೋ ದೇವರಿಗೇ ಗೊತ್ತು, ಎಡಗೈಯನ್ನು ಮಾತ್ರ ಒಂದೇ ಕಡೆ ಒತ್ತಿ ಹಿಡಿದಿದ್ದ. ರಸ್‌ನ ಹಾಡು ಕೇಳಿಸುತ್ತಿರಲಿಲ್ಲ. ಅವನ ಗಿಟಾರೂ ಇಲ್ಲ. ಆ ಗೊಂಯ್, ದೊಡ್ಡ ಡ್ರಮ್ಮಿನ ಧಬ್ ಧಬ್, ಹೀಗೆ ದಪ್ಪ ಸದ್ದು ಮಾತ್ರ ಇಟ್ಟಿಗೆ ದಾಟಿ ಬರುತ್ತಿತ್ತು. ಕೋಲ್ಡ್ ರೂಮು ನೋಡಲು ಅವನು ಬರುತ್ತಿದ್ದದ್ದು ಯಾವಾಗಲೂ ವಾರದ ನಡುವೆ. ಶನಿವಾರ ಗೋಡೆಯ ಈ ಬದಿಯಲ್ಲಿ ನಿಂತದ್ದು ಇದೇ ಮೊದಲು.

"ಕೋಲ್ಡ್ ರೂಮಿಗೆ ಏನೂ ಆಗಿಲ್ಲ," ಅಂದ.

"ಮತ್ತೆ ಅದೇನು?"

"ಅದು ಬ್ಯಾಂಡು."

"ಯಾರ ಕಿವೀಲಿ ಹೂವು ಇಡ್ತೀಯ? ಬ್ಯಾಂಡು ನನಗೆ ಗೊತ್ತಿಲ್ವಾ? ಪ್ರತಿ ಶನಿವಾರ ಕೇಳ್ತೀನಿ. ಒಬ್ಬನೇ ನುಡಿಸ್ತಾನೆ."

"ಒಬ್ಬನೇ?"

"ಒಬ್ಬನೇ. ಕಾಲಲ್ಲಿ ಧಬ್ ಧಬ್ ಅಂತ ತಾಳ ಹಾಕ್ಕೊಂಡು, ದುಮ್ ದುಮ್ ಅಂತ ಎಷ್ಟ್ ಚಂದ ನುಡಿಸ್ತಾನೆ ಗೊತ್ತಾ? ಪೋಸ್ಟರಲ್ಲಿ ನಾಲ್ಕು ಜನ ತಲೆತುಂಬ ಕೂದಲು ಬಿಟ್ಕೊಂಡು ನಿಂತಿದಾರೆ ಅನ್ನು. ಮಿಕ್ಕವರು ಸಾಮಾನು ಹೊರೋರಿರ್ಬೇಕು." ಲೂಪೆ ಚಿಪ್ಸಿನ ಬುಟ್ಟಿಯನ್ನು ಎಣ್ಣೆಯಿಂದ ಎತ್ತಿ ಕೊಡವಿದಳು. "ಇವತ್ತು ಪಾಪ ಬರೀ ಕಾಲು ಕುಟ್ತಿದಾನೆ, ಕೈ ಆಡ್ತಿಲ್ಲ. ಕೈಗೇನಾದ್ರೂ ಪೆಟ್ಟು ಬಿತ್ತೋ ಏನೋ. ಆಗಿನಿಂದ ಒಂಥರಾ ಆಗಿದೆ ನನಗೆ."

ಪೋಸ್ಟರಿನ ಆ ನಾಲ್ಕರಲ್ಲಿ ಕೊನೆಯ ಕೂದಲಿನ ರಾಶಿ ಕ್ಲೆಮ್‌ನದೇ, ಬೋಳಾಗಿ ಯಾವ ಕಾಲವಾಯಿತೋ. ಹೇಳಬೇಕೆಂದು ಬಾಯಿ ತೆರೆದ. ಅವಳು ಬಿಟ್ಟರೆ ತಾನೆ?

"ಒಂದೇ ಒಂದು ಕೆಟ್ಟ ಚಾಳಿ ಅವನಿಗೆ. ಮೊದಲು ಒಂದು ಶುರು ಮಾಡ್ತಾನೆ. ನಮ್ಮಪ್ಪ ಚರ್ಚಲ್ಲಿ ಎಲ್ಲರಿಗಿಂತ ಕೆಳಗಿನ ದನೀಲಿ ಹಾಡ್ತಿದ್ದ, ಹಂಗಿರುತ್ತೆ. ಕೇಳು."

ಲೂಪೆ ಗಂಟಲು ತಗ್ಗಿಸಿ, ಮೇಜಿನ ಮೇಲೆ ಬೆರಳು ಕುಟ್ಟುತ್ತ, ಗುನುಗಿದಳು. ಒಂದೊಂದೇ ಮೆಟ್ಟಿಲು ಹತ್ತಿದಳು. ಕ್ಲೆಮ್ ಎಲ್ಲಿ ತಡೆಯುತ್ತಿದ್ದನೋ ಅಲ್ಲೇ ತಡೆದಳು, ಎಲ್ಲಿ ಸ್ವಲ್ಪ ಜಾರುತ್ತಿದ್ದನೋ ಅಲ್ಲೇ ಜಾರಿದಳು. ಮೇಲೆ ನಿಂತು ಅತ್ತಿತ್ತ ನೋಡಿದಳು. ಥಟ್ಟನೆ ನಿಲ್ಲಿಸಿ ಸೌಟನ್ನು ಮೇಜಿಗೆ ಬಡಿದಳು.

"ಇಲ್ಲಿಗೆ ನಿಲ್ಲಿಸ್ತಾನೆ, ದರಿದ್ರದವನು! ಪ್ರತಿ ಸಲ! ಮನೆಗೆ ಹೋದ ಮೇಲೂ ತಲೇಲಿ ಅಲ್ಲೇ ನಿಂತಿರುತ್ತೆ. ಕೈಗೆ ಸಿಕ್ಕಿದ್ರೆ ಕಿವಿ ಹಿಂಡ್ತಿದ್ದೆ. ಅದಕ್ಕೆ ಮುಂದೆ ಇದೆಯೋ, ಅಷ್ಟೇನೋ?"

ಕ್ಲೆಮ್ ಬೋಳು ತಲೆ ಸವರಿಕೊಂಡ. "ಮುಂದೆ ಇದೆ," ಅಂದ.

"ನಿನಗೆ ಹೆಂಗ್ ಗೊತ್ತು?"

ಅವನಾಗಲೇ ಹಿಂಬಾಗಿಲು ದಾಟಿ ವ್ಯಾನಿನ ಕಡೆ ಹೋಗಿದ್ದ. ಅಡುಗೆಮನೆಯೊಳಗಿಂದ ಹಾದರೆ ಮತ್ತೆ ಅವಳ ಪ್ರಶ್ನೆಗೆ ಸಿಕ್ಕಿಬೀಳುತ್ತೇನೆಂದು ಗಿಟಾರು ಹೊತ್ತು ಕಟ್ಟಡ ಸುತ್ತಿ ಮುಂಬಾಗಿಲಿನಿಂದಲೇ ಬಂದ. ಗೆದ್ದವರಿಗೆ ಮಾಂಸದ ಬಹುಮಾನ ಕೊಡುವ ಲಾಟರಿಯ ಚೀಟಿ ಮಾರುತ್ತಿದ್ದ ಮೇಜು ದಾಟಿ, ಊಟ ಮಾಡುತ್ತಿದ್ದ ಮುದುಕರ ನಡುವೆ ನುಸುಳಿ, ಎಣ್ಣೆ ಮೆತ್ತಿದ ಚಡ್ಡಿ, ಕೆಲಸದ ಬೂಟಿನಲ್ಲೇ ವೇದಿಕೆ ಹತ್ತಿದ. ರಸ್ ಕಣ್ಣುಕಣ್ಣು ಬಿಟ್ಟ.

"ಏನೋ ಇದು? ಇಲ್ಲೇನ್ ಮಾಡ್ತಿದೀಯ?"

"ಫ್ರಿಜ್ ರಿಪೇರಿ," ಅನ್ನುತ್ತ ಕ್ಲೆಮ್ ಗಿಟಾರಿಗೆ ವೈರು ಸಿಕ್ಕಿಸಿದ.

ಡೂಗಲ್‌ಗೆ ಈ ರಾಜಕೀಯ ಒಂದೂ ತಲೆಗೆ ಹತ್ತುವುದಿಲ್ಲ. ಕ್ಲೆಮ್ ನಿಂತದ್ದು ಕಂಡಿತು, ಕೈ ತನ್ನಷ್ಟಕ್ಕೆ ಬಿಯರಿನ ಗ್ಲಾಸಿಗೆ ಹೋಯಿತು. "ಬೇಸ್," ಅಂದ.

ಕ್ಲೆಮ್ ನುಡಿಸಿದ. ಒಂದು ಮೆಟ್ಟಿಲೂ ತಪ್ಪಲಿಲ್ಲ. ಮೇಲಕ್ಕೆ ಬಂತು, ನಿಂತಿತು, ಅತ್ತಿತ್ತ ನೋಡಿತು.

"ಸಾಕು ಕ್ಲೆಮ್."

ರೂಢಿಯ ಬಲ ನೋಡಿ, ಅವನ ಕೈ ತಂತಿ ಬಿಟ್ಟೇಬಿಟ್ಟಿತು. ಆಗ ವೇದಿಕೆಯ ಹಿಂದಿನ ಗೋಡೆ ಧಡ್ ಧಡ್ ಧಡ್ ಎಂದಿತು. ಸೌಟಿನ ಪೆಟ್ಟು. ಡ್ರಮ್ಮಿನವನು, ನಾನಲ್ಲಪ್ಪಾ ಎಂಬಂತೆ ಎರಡೂ ಕೋಲು ಮೇಲೆತ್ತಿ ತೋರಿಸಿದ. ಡೂಗಲ್‌ನ ಗ್ಲಾಸು ತುಟಿಯ ಹತ್ತಿರ ನಿಂತುಬಿಟ್ಟಿತು. ಮತ್ತೆ ಧಡ್ ಧಡ್ ಧಡ್, ಈ ಸಲ ಗೋಡೆಯ ಸುಣ್ಣ ಉದುರುವ ಹಾಗೆ.

ಕ್ಲೆಮ್ ಕೈಯನ್ನು ತಂತಿಯ ಮೇಲಿಟ್ಟು ಆ ತಿರುವನ್ನು ದಾಟಿದ. ಶೆಡ್ಡಿನಲ್ಲಿ ನಾಯಿಯೊಂದಕ್ಕೇ ಕೇಳಿಸಿದ್ದ ಇಳಿತವನ್ನು ಒಂದೊಂದಾಗಿ, ಅವಸರವಿಲ್ಲದೆ ಇಳಿದ. ಕಣ್ಣು ತುಂಬಿಕೊಂಡು ಮುಂದಿನದು ಏನೂ ಕಾಣಿಸಲಿಲ್ಲ. ಮೂಲೆಯ ಮೇಜಿನ ಮುದುಕಿಯೊಬ್ಬಳು ಫೋರ್ಕನ್ನು ತಟ್ಟೆಯಲ್ಲಿಟ್ಟು ಕೈಕಟ್ಟಿ ಕೂತಳು. ಕೊನೆಯ ದಪ್ಪ ನಾದ ಮನೆ ತಲುಪಿ ತಣ್ಣಗಾಯಿತು.

ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಲೂಪೆ ಬಂದಳು. ವೇದಿಕೆ ನೋಡಿದವಳು ನಿಂತಲ್ಲೇ ನಿಂತಳು.

"ನೀನಾ?" ಅಂದಳು. "ನನ್ನ ಅಡುಗೆಮನೆಗೆ ಎಷ್ಟು ಸಲ ಬಂದು ಹೋಗಿದೀಯ, ಒಂದು ಮಾತು ಹೇಳೋಕೆ ಏನಾಗಿತ್ತು?"

"ನೀನು ಕೇಳ್ಲಿಲ್ಲ."

"ಕಿವಿ ಹಿಂಡೋದು ಬಾಕಿ ಇದೆ, ನೆನಪಿರ್ಲಿ." ಅವಳೂ ಕಣ್ಣೊರೆಸಿಕೊಂಡಳು, ಈರುಳ್ಳಿ ಎಂದು ಯಾರಾದರೂ ತಿಳಿದುಕೊಳ್ಳಲಿ ಎಂಬ ಹಾಗೆ. ಆಮೇಲೆ ಸೌಟನ್ನು ರಸ್ ಕಡೆಗೂ, ಟ್ರೆಂಟ್ ಕಡೆಗೂ, ಡ್ರಮ್ಮಿನವನ ಕಡೆಗೂ ಆಡಿಸಿದಳು. "ಮತ್ತೆ ಇವರೆಲ್ಲ ಯಾರು?"

ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರು ಲಾಟರಿಯ ಮೇಜಿನ ಬಳಿ ಚೀಟಿ ಜೋಡಿಸುವವನ ಹಾಗೆ ತಲೆ ತಗ್ಗಿಸಿದ. ರಸ್‌ನ ಮುಖ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿತ್ತು. ಅವನು ಮೈಕಿನಿಂದ ದೂರ ಸರಿದು, ಅಪರೂಪಕ್ಕೆ ಸಣ್ಣ ದನಿಯಲ್ಲಿ ಕೇಳಿದ.

"ಮುಂದಿನ ಶನಿವಾರ ಬರ್ತೀಯಲ್ಲಪ್ಪಾ?"

ಎಲ್ಲರೂ "ಸರಿ" ಬರುತ್ತದೆಂದು ಕಾದರು. ಬರಲಿಲ್ಲ.

"ನನ್ನನ್ನ ಕೇಳ್ಬೇಡ," ಅಂದ ಕ್ಲೆಮ್. "ಅಡುಗೆಮನೆಯನ್ನ ಕೇಳು."

ಎಣ್ಣೆ ಹೊಗೆಯೇಳುತ್ತಿದ್ದ ವಾಸನೆಗೆ ಲೂಪೆ ಆಗಲೇ ಒಳಗೆ ಓಡಿದ್ದಳು. "ಬರ್ತಾನೆ!" ಎಂಬ ಕೂಗು ಗೋಡೆ ದಾಟಿ ಬಂತು. "ಇನ್ನೊಂದ್ಸಲ ಅವನಿಗೆ ಸಾಕು ಅಂದವನಿಗೆ ನನ್ನ ಕೈಯ ಚಿಪ್ಸ್ ಇಲ್ಲ!"

ಡೂಗಲ್ ಗ್ಲಾಸನ್ನು ಕುಡಿಯದೆಯೇ ಕೆಳಗಿಟ್ಟ. ಗುಂಡಿಯ ಮೇಲೆ ಕೈಯಿಟ್ಟು, ಕ್ಲೆಮ್‌ನ ಮುಖ ನೋಡಿದ.

"ಬೇಸ್," ಅಂದ, "ಇನ್ನೊಂದ್ಸಲ. ಮೊದಲಿಂದ."