ಲಯಬಿಲಿಟಿ ಎಂಬ ಆಟಗಾರ

ಶಿರ್ವದ ನಮ್ಮ ವಾಲಿಬಾಲ್ ತಂಡದಲ್ಲಿ ಒಬ್ಬರು ಬೇಕರಿಯವರಿದ್ದರು. ಚೆಂಡು ಯಾರ ಕೈತಪ್ಪಿ ಬಿದ್ದರೂ ಎದೆ ಮುಟ್ಟಿಕೊಂಡು, "ನನ್ನದೇ ಹೊಣೆ ಮಾರಾಯ್ರೇ," ಎನ್ನುತ್ತಿದ್ದರು. ಅರ್ಧದಷ್ಟು ಸಲ ಅದು ನಿಜವೂ ಆಗಿರುತ್ತಿತ್ತು.

ಕಾರ್ಕಳದ ಪಂದ್ಯದ ದಿನ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಮ್ಮ ನಾಯಕ ಅವರಿಗೆ ಹೇಳಿದ: "ಇವತ್ತು ನೀವು ಹೊರಗೆ ಕೂತುಕೊಳ್ಳಿ. ಬೇಸರ ಮಾಡಬೇಡಿ, ನೀವು ತಂಡಕ್ಕೆ ಲಯಬಿಲಿಟಿ."

"ಹಾಗೆಂದರೆ ಎಂತದು?"

ನಾಯಕ ತಡವರಿಸಿದ. "ಹೊಣೆ ಅಂತ ಅರ್ಥ ಉಂಟು. ಫ್ರೆಂಚಿನಲ್ಲಿ ಕಟ್ಟುವುದು ಎಂಬ ಮಾತಿನಿಂದ ಬಂದದ್ದು. ಆಟದಲ್ಲಿ ಮಾತ್ರ... ಹೊರೆ."

"ಮೊದಲಿನ ಎರಡು ಅರ್ಥ ಒಳ್ಳೆಯದೇ ಉಂಟು, ಅಲ್ವಾ?" ಎಂದು ಬೇಕರಿಯವರು ನಕ್ಕು ಬೆಂಚಿನ ಮೇಲೆ ಕೂತರು. ಬೂಟಿನ ಲೇಸು ಮಾತ್ರ ಬಿಚ್ಚಲಿಲ್ಲ.

ಮೊದಲ ಚೆಂಡು ನನ್ನ ಮತ್ತು ನಾಯಕನ ನಡುವೆ ಬಿತ್ತು. "ನಿನ್ನದು," ಎಂದೆ ನಾನು. "ನಿನ್ನದು," ಎಂದ ಅವನು. ಮೊದಲ ಸೆಟ್ ಮುಗಿಯುವಷ್ಟರಲ್ಲಿ ತಂಡದಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಕೊನೆಗೆ ನಾಯಕನೇ ಬೆಂಚಿನತ್ತ ತಿರುಗಿ, "ಒಳಗೆ ಬನ್ನಿ, ನೀವಿಲ್ಲದೆ ಆಗುವುದಿಲ್ಲ," ಎಂದು ಕರೆದ.

ಪಂದ್ಯವನ್ನು ಸೋತೆವು, ಅದೂ ಹೀನಾಯವಾಗಿ. ಆದರೆ ಹಿಂದಿರುಗುವಾಗ ಬಸ್ಸಿನಲ್ಲಿ ಎಲ್ಲರೂ ಬೇಕರಿಯವರ ಸೀಟಿನ ಸುತ್ತಲೇ ನಿಂತು ನಗುತ್ತಿದ್ದೆವು, ಕಂಡಕ್ಟರ್ ಗದರುವವರೆಗೂ.